ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಎದುರು ಬರುವವರು

ಇಂದು ಬೆಳಿಗ್ಗೆ ಬೆಂಗಳೂರಿನ ನಾಗರಬಾವಿ ಬಳಿ ಹೊರವರ್ತುಲ ರಸ್ತೆಯಲ್ಲಿ ನನಗೆ ಬೈಗುಳ ಬಿತ್ತು. ಮಾಡಿದ ಅಪರಾಧವೆಂದರೆ ಸರಿಯಾದ ದಿಕ್ಕಿನಲ್ಲಿ ಹೋಗುತ್ತಿದ್ದದ್ದು. ಎದುರಿನಿಂದ ನುಗ್ಗಿದ ಸ್ಕೂಟರಿನವನು ಹೆಡ್‌ಲೈಟ್ ಮಿನುಗಿಸಿದ, ಹಾರ್ನ್ ಬಾರಿಸಿದ, ಪಕ್ಕದಲ್ಲಿ ತೂರಿಹೋಗುತ್ತಾ ‘ನೋಡಿಕೊಂಡು ಓಡಿಸಬಾರದೇನ್ರೀ’ ಎಂದು ಗದರಿಸಿದ. ಆತನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಮುಂದೆ ಹ್ಯಾಂಡಲ್ ಹಿಡಿದು ನಿಂತಿದ್ದ ಮಗುವಿಗೆ ಬೆನ್ನಿನ ಮೇಲೆ ಶಾಲೆಯ ಚೀಲ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೂ ಹೆಲ್ಮೆಟ್ ಇರಬೇಕು, ಚಾಲಕನಿಗೆ ಸೇರಿಸಿ ಕಟ್ಟುವ ಬೆಲ್ಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದಲೇ ಇದೆ. ಯಾರಾದರೂ ಪಾಲಿಸಿದ್ದನ್ನು ಕಂಡಿದ್ದರೆ ದಯವಿಟ್ಟು ಫೋಟೋ ಹಾಕಿ, ಕಣ್ತುಂಬಿಕೊಳ್ಳುತ್ತೇನೆ.

ಈ ಎದುರು ಬರುವವರ ವಿಷಯದಲ್ಲಿ ನನ್ನ ತಲೆ ಕೆಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಆದರೂ ಮತ್ತೆ ಹೇಳುತ್ತೇನೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಎಡಕ್ಕೆ ತಿರುಗುವವನು ಎತ್ತ ನೋಡುತ್ತಾನೆ? ಬಲಕ್ಕೆ. ವಾಹನಗಳು ಬರಬೇಕಾದದ್ದು ಅತ್ತಲಿಂದಲೇ. ಆತನ ಕಣ್ಣು ಬಲಕ್ಕಿರುವಾಗ ಈ ಮಹಾನುಭಾವರು ಎಡದಿಂದ ಪ್ರತ್ಯಕ್ಷರಾಗುತ್ತಾರೆ. ರಸ್ತೆ ದಾಟಲು ಇಳಿಯುವ ಅಜ್ಜಿಯದೂ ಅದೇ ಕಥೆ. 40 ಕಿ.ಮೀ. ವೇಗದಲ್ಲಿರುವ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಎದುರು ಬದುರಾದ ಎರಡು ಗಾಡಿಗಳ ನಡುವೆ ಅದೇ ಸೆಕೆಂಡಿನಲ್ಲಿ 22 ಮೀಟರ್ ಕರಗುತ್ತದೆ. ಕಣ್ಣು ಕಂಡದ್ದು ಬ್ರೇಕಿನ ಮೇಲಿನ ಕಾಲಿಗೆ ತಲುಪುವುದಕ್ಕೇ ಆ ಒಂದು ಸೆಕೆಂಡ್ ಬೇಕು.

‘ಯೂ ಟರ್ನ್ ಒಂದು ಕಿಲೋಮೀಟರ್ ದೂರ ಇದೆ, ಏನು ಮಾಡುವುದು?’ ಎಂದು ಕೇಳುವ ಗೆಳೆಯರಿದ್ದಾರೆ. ಒಪ್ಪಿದೆ, ನಮ್ಮ ಊರಿನ ರಸ್ತೆ ನಡುವಿನ ಮೀಡಿಯನ್‌ಗಳನ್ನು ಎಲ್ಲಿ ತೆರೆಯುತ್ತಾರೆ, ಎಲ್ಲಿ ಮುಚ್ಚುತ್ತಾರೆ ಎಂಬುದು ದೇವರಿಗೂ ಬಗೆಹರಿಯದ ವಿಷಯ. ಆದರೆ ಸ್ವಾಮಿ, ಒಂದು ಕಿಲೋಮೀಟರ್ ಸುತ್ತಿದರೆ ಸ್ಕೂಟರಿಗೆ ತಗಲುವ ಪೆಟ್ರೋಲಿನ ದುಡ್ಡಿಗೆ ದರ್ಶಿನಿಯಲ್ಲಿ ಅರ್ಧ ಕಾಫಿಯೂ ಬರುವುದಿಲ್ಲ. ಇನ್ನು ಡೆಲಿವರಿ ಹುಡುಗರ ಮೇಲೆ ಎಲ್ಲವನ್ನೂ ಹೊರಿಸುವವರಿಗೆ ಒಂದು ಮಾತು: ದೊಡ್ಡ ಕಾರಿನವರೂ ಬರುತ್ತಾರೆ, ಇನ್ನೂ ಗಂಭೀರವಾಗಿ, ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ. ಆ ದೀಪ ಹಾಕಿದರೆ ರಸ್ತೆಯ ದಿಕ್ಕೇ ಬದಲಾಗುತ್ತದೆಂದು ಇವರಿಗೆ ಯಾವ ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟರೋ.

ಕಾನೂನು ಇಲ್ಲವೆಂದಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ವಿರುದ್ಧ ದಿಕ್ಕಿನ ಚಾಲನೆಯನ್ನೂ ಹೆಸರಿಸುತ್ತದೆ. ಅದು ಅಪಾಯಕಾರಿ ಎನಿಸಿದರೆ ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜೈಲಿಗೆ ಹೋದವರನ್ನು ನಾನು ಕಂಡಿಲ್ಲ. ಕಂಡದ್ದು ರಿಯಾಯಿತಿಯನ್ನು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಬೆಲೆ ಎಂದಾಗ ಜನ ಆಷಾಢದ ಸೀರೆ ಮಾರಾಟಕ್ಕೆ ಮುಗಿಬಿದ್ದಂತೆ ಸಾಲುಗಟ್ಟಿದರು. 2025ರಲ್ಲಿ ಮತ್ತೆ ಅದೇ ಕೊಡುಗೆ. ದಂಡ ಕಟ್ಟದೆ ಕಾದವನೇ ಜಾಣ ಎಂದು ಸರ್ಕಾರವೇ ಕಲಿಸಿದ ಮೇಲೆ ಇನ್ನೇನು ಹೇಳುವುದು.

ನಿಜ ಹೇಳಬೇಕೆಂದರೆ, ಮೊದಲಿನಂತೆ ನಾನೀಗ ಗಾಡಿ ಅಡ್ಡ ನಿಲ್ಲಿಸಿ ಜಗಳ ಮಾಡುವುದಿಲ್ಲ. ಹೆದರಿಕೆಯಾಗುತ್ತದೆ. ಹೆಲ್ಮೆಟ್ ಕೈಗೆ ತೆಗೆದುಕೊಂಡು ಇಳಿದು ಬರುವವರನ್ನು ನೋಡಿದ ಮೇಲೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮನೆಗೆ ಬಂದು ಇಲ್ಲಿ ಬರೆಯುವುದು ಅದಕ್ಕೇ.

‘ಪೊಲೀಸರು ಏನು ಮಾಡುತ್ತಿದ್ದಾರೆ’ ಎಂದು ಕೇಳುವ ಮುನ್ನ ಇದನ್ನೂ ಕೇಳಿ. ಇಂದು ಆ ತಿರುವಿನ ಆಚೆ ಪೊಲೀಸರಿದ್ದರು. ಸರಿಯಾದ ದಿಕ್ಕಿನಲ್ಲೇ ಹೋಗುತ್ತಿದ್ದ ಇನ್ನೊಬ್ಬ ಬೈಕಿನವನು ಎದುರು ಬರುತ್ತಿದ್ದ ಇಬ್ಬರಿಗೆ ಕೈಸನ್ನೆ ಮಾಡಿ ಎಚ್ಚರಿಸಿದ. ಆಂಬುಲೆನ್ಸಿಗೆ ಗೇಣು ಜಾಗ ಬಿಡದ ಊರಿನಲ್ಲಿ ಎಂಥ ಪರೋಪಕಾರ! ಆ ಇಬ್ಬರೂ ತಿರುಗಿ ಹೋಗಲಿಲ್ಲ, ಗಾಡಿಗಳನ್ನು ಫುಟ್‌ಪಾತಿಗೆ ಹತ್ತಿಸಿದರು.