ಬರೀ ಮೀಟರ್ ಲೆಕ್ಕ ಸಾಲದು

ಅಮೆರಿಕದ ಅಟ್ಲಾಂಟಾ, ಹ್ಯೂಸ್ಟನ್ ನಗರಗಳ ಸ್ಕೈಲೈನನ್ನು, ಅಂದರೆ ಎತ್ತರದ ಕಟ್ಟಡಗಳು ದೂರದಿಂದ ಒಟ್ಟಾಗಿ ಕಾಣುವ ನೋಟವನ್ನು, ಲೇಖನವೊಂದು ಹೋಲಿಸಿದೆ. ಅಟ್ಲಾಂಟಾದ ಅತಿ ಎತ್ತರದ ಕಟ್ಟಡ 312 ಮೀಟರ್, ಹ್ಯೂಸ್ಟನ್‌ನದು 305. ಆದ್ದರಿಂದ ಅಟ್ಲಾಂಟಾದ ಸ್ಕೈಲೈನೇ ಮೇಲು ಅನ್ನುವ ಲೇಖನದ ವಾದ ನಿಲ್ಲುವುದಿಲ್ಲ. ಅಟ್ಲಾಂಟಾದ ಬ್ಯಾಂಕ್ ಆಫ್ ಅಮೆರಿಕ ಪ್ಲಾಜಾದಲ್ಲಿ 55 ಮಹಡಿ, ಉಳಿದ ಎತ್ತರದಲ್ಲಿ ನೆತ್ತಿಯ ಚೂಪು ಶಿಖರದ ಪಾಲೂ ಇದೆ. ಹ್ಯೂಸ್ಟನ್‌ನ ಜೆಪಿ ಮಾರ್ಗನ್ ಚೇಸ್ ಟವರ್ 75 ಮಹಡಿಯದು, ತಲೆ ಸಪಾಟು. ಮಹಡಿ ಲೆಕ್ಕಕ್ಕೆ ಅದೇ ಮುಂದು.

ಅದಕ್ಕಿಂತ ಮುಖ್ಯ, ಕಟ್ಟಡಗಳು ನಿಂತಿರುವ ರೀತಿ. ಅಟ್ಲಾಂಟಾದಲ್ಲಿ ಪೀಚ್‌ಟ್ರೀ ರಸ್ತೆಗುಂಟ ದಕ್ಷಿಣದಿಂದ ಉತ್ತರಕ್ಕೆ ಡೌನ್‌ಟೌನ್, ಮಿಡ್‌ಟೌನ್, ಬಕ್‌ಹೆಡ್ ಎಂದು ಮೂರು ಗುಂಪು. ಪೂರ್ವ ಅಥವಾ ಪಶ್ಚಿಮದಿಂದ ನೋಡಿದರೆ ಉದ್ದನೆಯ ಸಾಲು. ದಕ್ಷಿಣದಿಂದ ನೋಡಿದರೆ ಒಂದಕ್ಕೊಂದು ಮರೆ. ಹ್ಯೂಸ್ಟನ್‌ನಲ್ಲೂ 64 ಮಹಡಿಯ ವಿಲಿಯಮ್ಸ್ ಟವರ್ ಡೌನ್‌ಟೌನ್‌ನಿಂದ ದೂರ, ಅಪ್‌ಟೌನ್‌ನಲ್ಲಿದೆ. ಒಂದೇ ಫೋಟೊ ಇಟ್ಟು ಹೋಲಿಸಿದರೆ ಅದು ಬಿಟ್ಟೇ ಹೋಗುತ್ತದೆ. ಒತ್ತಾಗಿ, ಒಂದೇ ನೋಟಕ್ಕೆ ಸಿಗುವುದು ಬೇಕಾದರೆ ನನ್ನ ಮತ ಅಮೆರಿಕದ ಇನ್ನೊಂದು ನಗರ ಷಾರ್ಲಟ್‌ಗೆ.