ಏರಿಯ ಕೆಳಗೆ ಯಾರಿದ್ದಾರೆ ಅಂತ ಮೊದಲು ಕೇಳಿ

ನಮ್ಮ ಬಡಾವಣೆಯ ಕೆರೆಯನ್ನು ಅಮೆರಿಕದ ಜಾರ್ಜಿಯಾ ರಾಜ್ಯದ ಸರ್ಕಾರ ‘ಕೆಟಗರಿ 1’ಕ್ಕೆ ಸೇರಿಸಿದೆ. ಏರಿ ಒಡೆದರೆ ಜನ ಸಾಯುವ ಸಂಭವ ಇದೆ ಅಂತ ಅದರರ್ಥ. ಇಷ್ಟು ವರ್ಷ ‘ಕೆಟಗರಿ 2’ ಆಗಿತ್ತು, ಆಗ ಸರ್ಕಾರದ ನಿಯಮ ಯಾವುದೂ ನಮ್ಮನ್ನು ಮುಟ್ಟುತ್ತಿರಲಿಲ್ಲ. ಈಗ ಎಂಜಿನಿಯರ್ ಕರೆಸಬೇಕು, ದುರಸ್ತಿ ಮಾಡಿಸಬೇಕು, ಒಂದೊಂದು ಮನೆಗೂ ಸಾವಿರಾರು ಡಾಲರ್ ಬೀಳಬಹುದು. ಕಾಗದ ಬಂದಾಗಿನಿಂದ ಬಡಾವಣೆಯಲ್ಲಿ ಎಲ್ಲರಿಗೂ ಸಿಟ್ಟು, ನಮ್ಮ ವಾಟ್ಸಾಪ್ ಗುಂಪಿನ ಕನ್ನಡದವರಿಗೂ. ನನ್ನ ಅಭಿಪ್ರಾಯ ಬೇರೆ. ಸರ್ಕಾರ ಮಾಡಿದ್ದು ಸರಿ, ದುಡ್ಡು ನಾವೇ ಕೊಡಬೇಕು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಅಮೆರಿಕದಲ್ಲಿ ಲೆಕ್ಕಕ್ಕೆ ಸಿಕ್ಕಿರುವ ಅಣೆಕಟ್ಟುಗಳೇ 90,000ಕ್ಕೂ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಖಾಸಗಿಯವರದ್ದು. ಅದರಲ್ಲೂ ಹೆಚ್ಚಿನವು ನಮ್ಮೂರ ಕೆರೆಗಳ ಹಾಗೆ ಬರೀ ಮಣ್ಣಿನ ಏರಿಗಳು. ಯಾವತ್ತೋ ಒಬ್ಬ ರೈತ ದನಕ್ಕೆ ನೀರು ಬೇಕು ಅಂತ ಹಳ್ಳಕ್ಕೆ ಅಡ್ಡ ಮಣ್ಣು ಹಾಕಿಸಿರುತ್ತಾನೆ, ಮುಂದೆ ಆ ಜಮೀನು ಬಿಲ್ಡರ್ ಕೈಗೆ ಬರುತ್ತದೆ, ಕೆರೆ ಸುತ್ತ ಮನೆಗಳು ಏಳುತ್ತವೆ, ಕೊನೆಗೆ ಬಿಲ್ಡರ್ ಕೆರೆಯನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಟ್ಟು ಹೋಗುತ್ತಾನೆ. ಅಲ್ಲಿಗೆ ಕೆರೆ ಕಾಣುವ ಮನೆ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಂಡವರೆಲ್ಲ ಅಣೆಕಟ್ಟಿನ ಮಾಲೀಕರೂ ಆದರು ಅಂತಾಯಿತು. ಮನೆ ತೋರಿಸುವ ಏಜೆಂಟ್ ಇದನ್ನು ಹೇಳುವುದಿಲ್ಲ. ಅಟ್ಲಾಂಟಾ ಸುತ್ತ ಇರುವ ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ನಮ್ಮ ಸಂಘದ ಸಭೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಏರಿ ಹೇಗಿತ್ತೋ ಹಾಗೇ ಇದೆ, ಒಂದು ಬಿರುಕೂ ಬಿಟ್ಟಿಲ್ಲ, ಮತ್ತೆ ಅಪಾಯ ಹೇಗೆ ಜಾಸ್ತಿ ಆಯಿತು? ಎಲ್ಲರೂ ಎಡವುವುದು ಇಲ್ಲೇ. ಈ ಕೆಟಗರಿ ಏರಿಯ ಗಟ್ಟಿತನಕ್ಕೆ ಕೊಟ್ಟ ಅಂಕ ಅಲ್ಲ. ಏರಿ ಹೋದರೆ ಕೆಳಗೆ ಏನಾಗುತ್ತೆ ಅನ್ನುವ ಲೆಕ್ಕ ಅದು. ಒಲೆ ಮೇಲೆ ಹಂಡೆ ತುಂಬ ಕುದಿಯುವ ನೀರಿದೆ ಅಂತಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಯಾರೂ ಇಲ್ಲದಿದ್ದರೆ ಒಂದು ಮಾತು, ಮಗು ಅಂಬೆಗಾಲಿಡುತ್ತಾ ಒಲೆ ಹತ್ತಿರ ಬಂದರೆ ಬೇರೆ ಮಾತು. ಹಂಡೆ ಅದೇ, ನೀರು ಅದೇ. ನಮ್ಮ ಏರಿಯ ಕೆಳಗೆ ಮೊದಲು ಬರೀ ಪೈನ್ ಕಾಡು, ಒಂದು ತೊರೆ. ಈಗ ಆ ತೊರೆಯ ದಂಡೆಯಲ್ಲೇ ಮನೆಗಳ ಸಾಲು ಬಂದಿದೆ, ಹಿತ್ತಲಲ್ಲಿ ಮಕ್ಕಳ ಜಾರುಬಂಡೆ ಇದೆ. ಏರಿ ಮೇಲೆ ನಿಂತರೆ ಎಲ್ಲ ಕಾಣುತ್ತದೆ.

ಟೊಕೋವಾ ಅಂತ ಊರೊಂದಿದೆ, ಇದೇ ಜಾರ್ಜಿಯಾದಲ್ಲಿ. ಅಲ್ಲೊಂದು ಬೈಬಲ್ ಕಾಲೇಜು, ಕಾಲೇಜಿನ ಮೇಲ್ಗಡೆ 186 ಅಡಿಯ ಜಲಪಾತ, ಅದರ ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಅನ್ನುವ ಮಣ್ಣಿನ ಅಣೆಕಟ್ಟು. ಕಾಲೇಜಿನದ್ದೇ ಆಸ್ತಿ. ಎತ್ತರ ಸುಮಾರು 40 ಅಡಿ, ಕೆರೆ ಸುಮಾರು 40 ಎಕರೆ. ಮೊದಲು ಕರೆಂಟ್ ಮಾಡುತ್ತಿದ್ದರು, 1957ರಲ್ಲಿ ಅದು ನಿಂತಿತು, ಆಮೇಲೆ ಮೀನು ಹಿಡಿಯುವುದಕ್ಕೆ, ವಿಹಾರಕ್ಕೆ ಅಂತ ಉಳಿಯಿತು. 1977ರ ನವೆಂಬರ್ 6, ನಾಲ್ಕು ದಿನ ಮಳೆ ಹೊಯ್ದಿತ್ತು, ರಾತ್ರಿ ಒಂದೂವರೆಗೆ ಏರಿ ಒಡೆಯಿತು. ಜಲಪಾತದಿಂದ ಇಳಿದ ನೀರು ಹಾಸ್ಟೆಲಿಗೆ ನುಗ್ಗಿತು, ಸಂಸಾರಸ್ಥ ವಿದ್ಯಾರ್ಥಿಗಳು ಇದ್ದ ಟ್ರೈಲರ್ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು 39 ಜನ. ಅದರಲ್ಲಿ 20 ಮಕ್ಕಳು.

ಆಮೇಲೆ ತನಿಖೆ ನಡೆಯಿತು. ಹೊರಮೈ ಇಳಿಜಾರು ತೀರಾ ಕಡಿದಾಗಿತ್ತು, ಏರಿ ಮೇಲೆ ಮರ ಬೆಳೆದಿದ್ದವು, ಒಳಗೆ ನೀರು ದಾರಿ ಮಾಡಿಕೊಂಡಿರಬಹುದು ಅಂತ ಹೇಳಿದರು. ನನಗೆ ಕರುಳು ಕಿವುಚಿದಂತಾಗುವುದು ಒಂದು ಫೋಟೋದ ವಿಷಯಕ್ಕೆ. 1973ರಲ್ಲೇ ತೆಗೆದ ಒಂದು ಚಿತ್ರದಲ್ಲಿ ಏರಿಯ ಹೊರಮೈ ಕುಸಿದಿರುವುದು ಕಾಣುತ್ತದಂತೆ. 12 ಅಡಿ ಎತ್ತರ, 30 ಅಡಿ ಅಗಲದ ಕುಸಿತ! ಅಂದರೆ ನಾಲ್ಕು ವರ್ಷ ಮುಂಚೆಯೇ ಏರಿ ಬಾಯಿಬಿಟ್ಟು ಹೇಳಿತ್ತು, ಕೇಳಿಸಿಕೊಳ್ಳುವುದು ನಮ್ಮ ಕೆಲಸ ಅಂತ ಯಾರಿಗೂ ಅನ್ನಿಸಲಿಲ್ಲ.

ಅಣೆಕಟ್ಟು ಪರೀಕ್ಷೆಗೆ ದೇಶದ ಮಟ್ಟದಲ್ಲಿ 1972ರಲ್ಲೇ ಕಾನೂನು ಬಂದಿತ್ತು, ಆದರೆ ಪರೀಕ್ಷೆ ಮಾಡುವುದಕ್ಕೆ ಹಣ ಬಿಟ್ಟಿರಲಿಲ್ಲ. ಟೊಕೋವಾದ ಹೆಣಗಳನ್ನು ನೋಡಿದ ಮೇಲೆ ಆಗಿನ ಅಮೆರಿಕ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪರೀಕ್ಷೆಗೆ ಆದೇಶ ಕೊಟ್ಟರು. ಅವರೂ ಇದೇ ಜಾರ್ಜಿಯಾದವರು. ಸೇನೆಯ ಎಂಜಿನಿಯರುಗಳು ಸುಮಾರು 8,800 ಅಣೆಕಟ್ಟುಗಳನ್ನು ನೋಡಿದರು, ಮೂರರಲ್ಲಿ ಒಂದು ಸುರಕ್ಷಿತ ಅಲ್ಲ ಅಂತ ಗೊತ್ತಾಯಿತು. 1978ರಲ್ಲಿ ಜಾರ್ಜಿಯಾ ತನ್ನದೇ ಕಾನೂನು ಮಾಡಿತು. ನಮ್ಮ ಮನೆಗೆ ಬಂದಿರುವ ಕಾಗದ ಆ ಕಾನೂನಿನದ್ದೇ. ಅದನ್ನು ‘ಸರ್ಕಾರಿ ಕಿರಿಕಿರಿ’ ಅಂದಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಸಣ್ಣದು, ಏನೂ ಆಗಲ್ಲ ಅನ್ನುವವರು ಹವಾಯಿಯ ಕಲೋಕೋ ಕಥೆಯನ್ನೂ ಕೇಳಿ. ಕಬ್ಬಿನ ತೋಟಕ್ಕೆ ಅಂತ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಟ್ಟಿದ ಕೆರೆ, ಕಾಗದದ ಮೇಲೆ ‘ಕಡಿಮೆ ಅಪಾಯ’. 2006ರ ಮಾರ್ಚ್ 14ರಂದು ಒಡೆದು ಏಳು ಜನ ಹೋದರು. ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನೇ ಮಣ್ಣು ಹಾಕಿ ಮುಚ್ಚಿಬಿಟ್ಟಿದ್ದರು ಅಂತ ತನಿಖೆಯಲ್ಲಿ ಬಂತು. ಮಣ್ಣಿನ ಏರಿ ಇರುವ ಕೆರೆಗೆ ಕೋಡಿ ಇಲ್ಲ ಅಂದರೆ ನೀರು ಏರಿ ಮೇಲೇ ಹತ್ತಬೇಕು, ಹತ್ತಿದರೆ ಮಣ್ಣು ಎಷ್ಟು ಹೊತ್ತು ತಡೆದೀತು? ನಮ್ಮಲ್ಲಿ ಹಳ್ಳಿಯ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಪಕ್ಕದ ಸೌತ್ ಕೆರೊಲಿನಾದಲ್ಲಿ 2015ರ ಅಕ್ಟೋಬರ್ ಮಳೆಗೆ ಸುಮಾರು 50 ಅಣೆಕಟ್ಟು ಒಡೆದವು. ಎಷ್ಟೋ ನಮ್ಮಂಥ ಬಡಾವಣೆಗಳ ಕೆರೆಗಳೇ.

ಹೋದ ತಿಂಗಳು ಎಂಜಿನಿಯರ್ ಜೊತೆ ನಾನೂ ಏರಿ ಸುತ್ತಿದೆ. ಏರಿಯ ಬುಡದಲ್ಲಿ ಒಂದು ಕಡೆ ಜೊಂಡು ಬೆಳೆದಿದೆ, ಕಾಲಿಟ್ಟರೆ ಪಿಚಕ್ ಅನ್ನುತ್ತೆ, ಮಳೆ ಇಲ್ಲದ ವಾರದಲ್ಲೂ. ಅವರು ಕೂತು ನೀರನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಹಿಡಿದು ನೋಡಿದರು. ತಿಳಿಯಾಗಿತ್ತು. ತಿಳಿ ನೀರು ಜಿನುಗಿದರೆ ಕಣ್ಣಿಟ್ಟಿರಬೇಕು, ಕೆಂಪಗೆ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ, ಆಗ ಫೋನ್ ಮಾಡಿ ಜನರನ್ನು ಎಬ್ಬಿಸಬೇಕು ಅಂದರು. ಕೆರೆಯ ನೀರು ಹೊರಬಿಡುವ ತೂಬಿನ ಪೈಪು ತಗಡಿನದ್ದು, ಅಡಿಭಾಗ ತುಕ್ಕು ಹಿಡಿದು ಜರಡಿಯಾಗಿದೆ. ಏರಿ ಮೇಲಿನ ಪೈನ್ ಮರಗಳನ್ನು ನಮ್ಮವರು ನೆರಳಿಗೆ ಚೆನ್ನಾಗಿದೆ ಅಂತ ಬಿಟ್ಟುಕೊಂಡಿದ್ದಾರೆ. ಗಾಳಿಗೆ ಮರ ಬಿದ್ದರೆ ಬೇರಿನ ಜೊತೆ ಏರಿಯ ಮಣ್ಣೂ ಕಿತ್ತುಬರುತ್ತೆ, ಸುಮ್ನೆ ಕಡಿದುಬಿಟ್ಟರೆ ಒಳಗೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತೆ. ಅಂದರೆ ನಮ್ಮ ಏರಿ ಹೇಗಿತ್ತೋ ಹಾಗೇನೂ ಇಲ್ಲ. ನಾವು ಇಳಿದು ನೋಡಿರಲಿಲ್ಲ, ಅಷ್ಟೇ.

ಒಂದು ಮಾತು ಒಪ್ಪುತ್ತೇನೆ. ಕೆಳಗೆ ಮನೆ ಕಟ್ಟಲು ಪರ್ಮಿಷನ್ ಕೊಟ್ಟವರು ನಾವಲ್ಲ, ಲಾಭ ಮಾಡಿಕೊಂಡವರೂ ನಾವಲ್ಲ. ಮೇಲೆ ಏರಿ ಇದೆ ಅಂತ ಗೊತ್ತಿದ್ದೂ ಸೈಟ್ ಮಾಡಿದ ಬಿಲ್ಡರ್ ಖರ್ಚಿನಲ್ಲಿ ಪಾಲು ಕೊಡುವ ಹಾಗೆ ಕಾನೂನು ಬರಬೇಕು. ಅದಕ್ಕೆ ಒಟ್ಟಿಗೆ ಹೋರಾಡೋಣ. ಆದರೆ ಆ ಜಗಳ ತೀರುವವರೆಗೆ ಮಳೆ ಕಾಯುವುದಿಲ್ಲ ಅಲ್ವಾ? ನೀರು ನಿಲ್ಲಿಸಿಕೊಂಡವರು ನಾವು. ಕೆಳಗಿನ ಮನೆಯವರಿಗೆ ಈಗಲೇ ವಿಷಯ ತಿಳಿಸೋಣ ಅಂದರೆ, ಬೇಡ, ಕೇಸ್ ಹಾಕ್ತಾರೆ ಅಂತ ಸಭೆಯಲ್ಲಿ ಬಾಯಿ ಮುಚ್ಚಿಸಿದರು. ನಾನು ಇದನ್ನು ಒಪ್ಪುವುದಿಲ್ಲ. ಮಕ್ಕಳನ್ನು ಮಲಗಿಸಿ ಮಲಗುವ ತಾಯಿಗೆ ತಲೆ ಮೇಲೆ ಏನಿದೆ ಅಂತ ತಿಳಿಯುವ ಹಕ್ಕಿದೆ.

ಊರಲ್ಲಿರುವವರು ಇದೆಲ್ಲ ಅಮೆರಿಕದ ಕಥೆ ಅನ್ನಬೇಡಿ. ನಮ್ಮ ಭಾರತದ ಅಣೆಕಟ್ಟು ಸುರಕ್ಷತಾ ಕಾಯ್ದೆ, 2021ರದ್ದು, 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತೆ, 10ರಿಂದ 15 ಮೀಟರಿನವಕ್ಕೆ ಕೆಲವು ಷರತ್ತು ಇದ್ದರೆ ಮಾತ್ರ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಅದಕ್ಕೆ ಕಣಿವೆಗೆ ಮಣ್ಣು ಅಡ್ಡ ಹಾಕಿ ಮಾಡಿದ ಖಾಸಗಿ ಕೆರೆಗಳು ಈ ಕಾಯ್ದೆಯ ಅಳತೆಗೆ ಸಿಗುವುದೇ ಕಷ್ಟ. ಅಲ್ಲಿ ಕೆಳಗಿರುವುದು ಯಾರು? ಬಹಳ ಕಡೆ ಕೂಲಿಯವರ ಲೈನ್ ಮನೆ, ಈಚೆಗೆ ಹೋಂಸ್ಟೇ. ನಮ್ಮ ಅತ್ತೆ ಮನೆ ತೋಟದಲ್ಲೂ ಹೀಗೇ. ಫೋನಿನಲ್ಲಿ ಮಾವನ ಹತ್ತಿರ ಕೇಳಿದೆ, ‘ಮಾವ, ಏರಿ ಹೋದರೆ ಮೊದಲು ನೀರು ಎಲ್ಲಿಗೆ ನುಗ್ಗುತ್ತೆ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಲೈನ್ ಮನೆಗೇ ಅಲ್ವೇನಮ್ಮಾ’ ಅಂದರು. ಈ ಸಲ ಮಳೆಗೆ ಮುಂಚೆ ಕೋಡಿಯ ಹೂಳು ತೆಗೆಸಿ ಅಗಲ ಮಾಡಿಸುತ್ತಿದ್ದಾರೆ, ಏರಿಯಲ್ಲಿ ಹೆಗ್ಗಣ ಕೊರೆದ ಬಿಲಗಳನ್ನು ಅಗೆದು ಮಣ್ಣು ತುಂಬಿಸಿ ಧಮ್ಮಸ್ ಮಾಡಿಸುತ್ತಿದ್ದಾರೆ.

ದುರಸ್ತಿಗೆ ದುಡ್ಡು ಹಾಕುವ ಬಗ್ಗೆ ನಮ್ಮ ಸಂಘದ ಮತದಾನ ಮುಂದಿನ ತಿಂಗಳು. ನಾನು ಹೌದು ಅಂತಲೇ ಹಾಕುತ್ತೇನೆ. ಕೆಳಗಿನ ಮನೆಗಳ ಬಾಗಿಲು ತಟ್ಟಲು ಈ ಶನಿವಾರ ಬೆಳಗ್ಗೆ ಹೋಗುತ್ತಿದ್ದೇನೆ. ನಮ್ಮ ಬಡಾವಣೆಯ ಕನ್ನಡದವರು ಯಾರಾದರೂ ಜೊತೆಗೆ ಬರುವುದಾದರೆ ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕಿ.