ಹೆಬ್ಬೆಟ್ಟು ಒತ್ತಿ, ಬುದ್ಧಿ ನೋಡ್ಕೊಳ್ಳಿ

ಶಾಲೆ ಶುರುವಾಗುವ ಹೊತ್ತಿಗೆ ಡಿಎಂಐಟಿ ಅಂಗಡಿಗಳೂ ಬಾಗಿಲು ತೆರೆಯುತ್ತವೆ. ಅದೇ, ಮಗುವಿನ ಹತ್ತೂ ಬೆರಳಿನ ಅಚ್ಚು ತೆಗೆದು ಬುದ್ಧಿ ಎಷ್ಟಿದೆ, ಯಾವ ಕಡೆ ಇದೆ ಅಂತ ಹೇಳುತ್ತಾರಲ್ಲ, ಆ ವಿಜ್ಞಾನ. ಮೊನ್ನೆ ನನ್ನ ತಂಗಿಯ ಮಗನದೂ ಆಯಿತು. ಹುಡುಗನಿಗೆ ಆರು ವರ್ಷ, ವರದಿಗೆ ಐದು ಸಾವಿರ ರೂಪಾಯಿ. ತರ್ಕಬುದ್ಧಿ ಶೇ. 9.37 ಇದೆಯಂತೆ. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವವನೂ ಒಂದು ದಶಾಂಶಕ್ಕೆ ನಿಲ್ಲಿಸುತ್ತಾನೆ. ಇವರು ಎರಡಕ್ಕೆ ಹೋಗಿದ್ದಾರೆ. ಕೈ ಮುಗಿಯಬೇಕು.

ಹಾಗೆ ನೋಡಿದರೆ ಇದು ಹೊಸದೇನಲ್ಲ. ನಮ್ಮಜ್ಜಿ ಮೊಮ್ಮಕ್ಕಳ ಕೈ ಹಿಡಿದು ಶಂಖ ಎಷ್ಟು, ಚಕ್ರ ಎಷ್ಟು ಅಂತ ಎಣಿಸುತ್ತಿದ್ದಳು. ಚಕ್ರ ಜಾಸ್ತಿ ಇದ್ದರೆ ರಾಜಯೋಗ. ಫೀಸು ಇರಲಿಲ್ಲ, ಎಣಿಸಿದ ಕೈಗೆ ಒಂದು ಚಕ್ಕುಲಿ ಬೇರೆ ಇಡುತ್ತಿದ್ದಳು. ಈಗಿನವರು ಚಕ್ರಕ್ಕೆ ವರ್ಲ್ ಅನ್ನುತ್ತಾರೆ, ಚಕ್ಕುಲಿ ಕೊಡಲ್ಲ. ಅಂದಹಾಗೆ ಅಜ್ಜಿಯೂ ಹೆಬ್ಬೆಟ್ಟೇ. ಸಂತೆಯಲ್ಲಿ ರಾಗಿ ಮಾರಿದ ದುಡ್ಡಿನ ಲೆಕ್ಕವನ್ನು ಸಾಹುಕಾರ ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಬಾಯಲ್ಲೇ ಒಪ್ಪಿಸುತ್ತಿದ್ದಳು. ಆದರೂ ಊರಿಗೆ ಅವಳು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವವರಿಗೆ ಬುದ್ಧಿಯಿಲ್ಲ ಅಂತಿದ್ದ ಊರೇ ಈಗ ಹೆಬ್ಬೆಟ್ಟಿನಲ್ಲಿ ಬುದ್ಧಿ ಹುಡುಕುತ್ತಿದೆ.

ಬೆರಳ ಗೆರೆ ತಾಯಿ ಹೊಟ್ಟೆಯಲ್ಲಿ ಆರನೇ ತಿಂಗಳ ಹೊತ್ತಿಗೇ ಮೂಡಿ ಮುಗಿದಿರುತ್ತದೆ. ಆಮೇಲೆ ಬದಲಾಗಲ್ಲ. ಹಣೆಬರಹಕ್ಕೆ ಬೆರಳಿಗೆ ವರ್ಗವಾಗಿದೆ, ಅಷ್ಟೇ. ಹಾಗಾದರೆ ಪಾತ್ರೆ ತಿಕ್ಕಿ, ಕಲ್ಲು ಹೊತ್ತು ಗೆರೆ ಸವೆದವರು? ರೇಷನ್ ಅಂಗಡಿಯಲ್ಲಿ 'ಬೆರಳು ಬರ್ತಿಲ್ಲ, ನಾಳೆ ಬಾ' ಅನ್ನಿಸಿಕೊಳ್ಳುತ್ತಾರಲ್ಲ, ಅವರ ಬುದ್ಧಿಯೂ ಸವೆದಿರಬೇಕು, ಪಾಪ.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಬುದ್ಧಿಪರೀಕ್ಷೆ ತಂದದ್ದು ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಕೈ ಹಿಡಿಯಲು. ಬುದ್ಧಿ ಹುಟ್ಟಿದಷ್ಟೇ, ಬೆಳೆಯಲ್ಲ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಧಾರವಾಡದ ವಿ.ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿ ಅಳೆಯುವ ಕೆಲಸ ಅದು. ಇಷ್ಟೆಲ್ಲ ಆದರೂ ಬುದ್ಧಿ ಅಂದರೆ ಏನು ಅನ್ನುವುದರಲ್ಲಿ ಬಲ್ಲವರಿಗೇ ಒಮ್ಮತವಿಲ್ಲ. 1923ರಲ್ಲಿ ಅಮೆರಿಕದ ಮನೋವಿಜ್ಞಾನಿ ಬೋರಿಂಗ್ 'ಬುದ್ಧಿಪರೀಕ್ಷೆ ಅಳೆಯುವುದೇ ಬುದ್ಧಿ' ಅಂದು ಕೈ ತೊಳೆದುಕೊಂಡರು. ಬೆರಳಚ್ಚಿನ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ ಹೇಳಿದ್ದೂ ಆಗಿದೆ. ಸ್ಕ್ಯಾನರ್ ಇಟ್ಟುಕೊಂಡವನಿಗೆ ಮಾತ್ರ ಯಾವ ಅನುಮಾನವೂ ಇಲ್ಲ.

ನಿನ್ನೆ ಹುಡುಗನಿಗೆ ಏಳಕ್ಕೆ ಐದು ಕೂಡಿಸು ಅಂದೆ. 'ನಂಗೆ ಲೆಕ್ಕ ಬರಲ್ಲ ಮಾಮ, ಬೆರಳಲ್ಲೇ ಇಲ್ವಂತೆ' ಅಂದ. ಹೋದ ವಾರದ ತನಕ ಅದೇ ಬೆರಳು ಮಡಚಿ ಕೂಡಿಸುತ್ತಿದ್ದ ಹುಡುಗ. ಇದಕ್ಕೆ ನನಗೆ ಯಾವ ತಮಾಷೆಯೂ ಹೊಳೆಯುತ್ತಿಲ್ಲ. ಆರು ವರ್ಷದ ಮಗುವಿಗೆ ನಿನ್ನಿಂದ ಆಗಲ್ಲ ಅಂತ ಹೇಳಿ ರಸೀದಿ ಬರೆದುಕೊಡುತ್ತೀರಲ್ಲ, ನಾಚಿಕೆ ಆಗಲ್ವಾ?

ಇದನ್ನೇ ಕೇಳೋಣ ಅಂತ ಫೋನ್ ಮಾಡಿದೆ. ಆ ಕಡೆಯವರು ಬಹಳ ವಿನಯವಂತರು. ಅಪ್ಪ ಅಮ್ಮನದೂ ಸೇರಿಸಿದರೆ ರಿಯಾಯಿತಿ ಇದೆ ಸಾರ್ ಅಂದರು. ತಂಗಿಯದು ತೆಗೆಸಬೇಕು ಅಂತಿದ್ದೇನೆ. ಐದು ಸಾವಿರ ಎಣಿಸಿಕೊಟ್ಟದ್ದು ಯಾವ ಬೆರಳು ಅಂತಾದರೂ ಗೊತ್ತಾಗಲಿ.